ಎಂಬರ್‌ನ ಕಿವಿಯ ಹತ್ತಿ

“ಹೋದ ವಾರ ಎಂಬರ್ ಯಾಕೆ ನಿಂತುಬಿಟ್ಟ ಗೊತ್ತೇನೋ ಮುರ್ರೆ? ಕೊನೇ ತಿರುವಲ್ಲಿ ದಾರ ಎಳೆದು ಅವನ ಕಿವಿ ಹತ್ತಿ ಕಿತ್ತೆಯಲ್ಲ, ಅದಕ್ಕೇ.”

ಆಶ್‌ಬರ್ಟನ್ ಮೈದಾನದಲ್ಲಿ, ಮಾಂಸ ತುಂಬಿದ ಬಿಸಿ ಪೈ ಕೊಳ್ಳುವ ಸಾಲಿನಲ್ಲಿ ನನ್ನ ಮುಂದಿದ್ದ ಬೆವ್ ಪಕ್ಕದಲ್ಲಿದ್ದ ಮುರ್ರೆಗೆ ಹೀಗೆಂದಳು. ಗಾಡಿ ಓಟದ ಚಾಂಪಿಯನ್ ಕುದುರೆ ಎಂಬರ್‌ನನ್ನು ಮೊದಲಿಂದಲೂ ಓಡಿಸಿದವನು ಅವಳ ಗಂಡ ಐವನ್. ಈ ಓಟದಲ್ಲಿ ಕುದುರೆಯ ಕಿವಿಗೆ ದಾರ ಕಟ್ಟಿದ ಹತ್ತಿ ತುರುಕಿ, ಕೊನೆಯ ತಿರುವಿನಲ್ಲಿ ಗಾಡಿಯಿಂದಲೇ ಎಳೆದು ತೆಗೆಯುತ್ತಾರೆ. ಐವನ್ ಚಳಿಗಾಲದಲ್ಲಿ ತೀರಿಕೊಂಡ. ಇವತ್ತು ಕುದುರೆಯ ಬೀಳ್ಕೊಡುಗೆ ಸುತ್ತು, ಲಗಾಮು ಮುರ್ರೆಯ ಕೈಯಲ್ಲಿ.

“ಎಲ್ಲರೂ ಕೀಳ್ತಾರಲ್ಲ ಬೆವ್? ಜನರ ಗದ್ದಲ ಕೇಳಿದ್ರೆ ತಾನೇ ಜೋರಾಗಿ ಓಡೋದು?”

“ಬೇರೆ ಕುದುರೆಗೆ ಗದ್ದಲ. ಇವನಿಗೆ ಐವನ್ ದನಿ. ಹತ್ತಿ ಕಿತ್ತ ಕೂಡ್ಲೇ ‘ಮನೆಗೆ ನಡಿಯೋ ಮುದುಕ’ ಅನ್ನೋನು. ಗೆದ್ದಿದ್ದೆಲ್ಲ ಹಾಗೇ.”

“ನಾನೇ ಹಾಗಂದ್ರೆ?”

“ನಿನ್ನ ಕಪ್ಪೆ ಗಂಟಲಿಗೆ ಬೇಲಿ ಹಾರ್ತಾನೆ ಅಷ್ಟೆ.”

“ಇವತ್ತು ಎಲ್ಲರ ಮುಂದೆ ನಿಂತುಬಿಟ್ರೆ?”

“ಅದಕ್ಕೇ ಹೇಳ್ತಿರೋದು, ಕೀಳಬೇಡ. ಕಣ್ಣಿಗೆ ಪಟ್ಟಿ ಇದೆ, ಹಿಂದೆ ಯಾರಿದಾರೆ ಅಂತ ಕಾಣಲ್ಲ. ಹತ್ತಿ ಇರೋವರೆಗೂ ಐವನ್ ಕೂತಿದಾನೆ ಅಂದ್ಕೊಂಡೇ ಓಡ್ತಾನೆ. ಕಿತ್ತರೆ, ಇಲ್ಲ ಅಂತ ಗೊತ್ತಾಗಿಬಿಡುತ್ತೆ.”

“ಮೋಸ ಅಲ್ವಾ ಅದು?”

“ಒಂದು ಸುತ್ತು ತಾನೇ? ಅವನಿಗಾದ್ರೂ ಐವನ್ ಇರಲಿ ಬಿಡೋ.”

ಮುರ್ರೆ ಆಗಷ್ಟೇ ಕೊಂಡ ತನ್ನ ಪೈಯನ್ನೂ ಅವಳ ಕೈಗಿಟ್ಟು ಹೊರಟುಹೋದ.

ಕೊನೆಯ ತಿರುವಿನಲ್ಲಿ ಅವನ ಕೈ ಅಭ್ಯಾಸಬಲದಿಂದ ದಾರದತ್ತ ಹೋಯಿತು, ಮುಟ್ಟದೆ ಹಿಂದೆ ಬಂತು. ಎಂಬರ್ ಕತ್ತು ಚಾಚಿಕೊಂಡು ನಿಲ್ಲದೆ ಓಡಿ ಬಂದ. ಮೈದಾನವೆಲ್ಲ ಕೂಗುತ್ತಿತ್ತು. ಬೇಲಿಯ ಬಳಿ ಬೆವ್ ಎರಡೂ ಪೈಗಳನ್ನು ಹುಲ್ಲಿನ ಮೇಲಿಟ್ಟು, ಅಂಗೈಗಳಿಂದ ತನ್ನ ಕಿವಿಗಳನ್ನು ಗಟ್ಟಿಯಾಗಿ ಮುಚ್ಚಿಕೊಂಡಳು.