ಮೇಷ್ಟ್ರ ಸ್ಟೂಲು

ಮೆಡಿಕಲ್ ಶಾಪಿನಲ್ಲಿ ಕೆಮ್ಮಿನ ಔಷಧಿಗೆಂದು ನಿಂತಿದ್ದ ದರ್ಜಿಯ ಕಿವಿಗೆ ಮುಂದಿದ್ದ ಹೆಂಗಸಿನ ಮಾತು ಬಿತ್ತು.

"ಅಪ್ಪ ತೀರ್ಕೊಂಡ ಮೇಲೂ ಆನ್‌ಲೈನಿಂದ ಮಾತ್ರೆ ಬರ್ತಾನೇ ಇದೆ. ನೀವು ವಾಪಸ್ ತಗೋತೀರಾ?"

"ನಮ್ಮಲ್ಲಿ ಕೊಂಡದ್ದಲ್ವಲ್ಲಮ್ಮಾ..." ಅಂಗಡಿಯವನು ಅವಳು ಚಾಚಿದ ಮಾತ್ರೆ ಡಬ್ಬಿಯ ಮೇಲಿನ ಹೆಸರು ಓದಿ ತಬ್ಬಿಬ್ಬಾದ. "ಅಯ್ಯೋ, ನಮ್ಮ ಮೇಷ್ಟ್ರಾ? ನನ್ನ ಮೇಲೆ ಮುನಿಸ್ಕೊಂಡು ಬರ್ತಿಲ್ಲ ಅಂದ್ಕೊಂಡಿದ್ದೆ."

"ಮುನಿಸಲ್ಲ. ವಾರವಾರ ಒಂದೇ ಶೀಟ್ ಮಾತ್ರೆಗೋಸ್ಕರ ಇಲ್ಲಿಗೆ ಅಲೀತಿದ್ರು. ಮೊಣಕಾಲು ನೋವು, ಪಾಪ ಅಂತ ನಾನೇ ಮನೆಗೆ ತರಿಸೋ ಹಾಗೆ ಮಾಡ್ದೆ."

"ತಿಂಗಳಿಗಾಗೋಷ್ಟು ಒಟ್ಟಿಗೇ ಒಯ್ಯಿರಿ ಅಂತ ನಾನೂ ಹೇಳ್ತಿದ್ದೆ. 'ಆಮೇಲೆ ನಿನ್ನ ಹತ್ರ ಹರಟೋಕೆ ಯಾವ ನೆಪ ಮಾಡ್ಕೊಂಡು ಬರ್ಲಿ ಹೇಳು' ಅಂತಿದ್ರು."

"ನನಗೆ ಹೇಳ್ಲೇ ಇಲ್ಲ."

"ಅಲ್ಲೇ ಕೂರ್ತಿದ್ರು." ಅವನು ಮೂಲೆಯ ಸ್ಟೂಲು ತೋರಿಸಿದ.

ಅವಳು ಅದನ್ನೊಮ್ಮೆ ಸವರಿ, ಡಬ್ಬಿಯನ್ನು ಅದರ ಮೇಲಿಟ್ಟು ಮೆಟ್ಟಿಲಿಳಿದಳು.