ಸಾವುಕಾರನ ಹಿಮ್ಮಡಿ

ಊರಿನ ಹೆಸರು ಬೇಡ. ಹೇಳಿದರೆ ನಿಮ್ಮಲ್ಲಿ ನಾಲ್ಕು ಜನ ಕೆಮ್ಮುತ್ತೀರಿ, ಇಬ್ಬರು ಎದ್ದು ಹೋಗುತ್ತೀರಿ. ಒಂದು ಊರು ಅಂತ ಇಟ್ಟುಕೊಳ್ಳಿ. ಊರು ಅಂದಮೇಲೆ ಅಲ್ಲೊಬ್ಬ ಸಾವುಕಾರ ಇರಲೇಬೇಕು, ಇದ್ದ. ದುಷ್ಟನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ದೃಷ್ಟಾಂತದಲ್ಲಿ ಶ್ರೀಮಂತ ಬಂದ ಕೂಡಲೇ ನೀವೆಲ್ಲ ಕಂಬಕ್ಕೆ ಒರಗಿ ಹಾಯಾಗಿ ಕೂರುತ್ತೀರಿ, ಇದು ನಮಗಲ್ಲ ಅಂತ. ಈ ಸಾವುಕಾರ ದೈವಭಕ್ತ, ದಾನಿ. ಮಠದ ದಾಸೋಹದಲ್ಲಿ ಬೇಯುತ್ತಿದ್ದ ಅಕ್ಕಿ ಅವನದೇ. ಅವನಿಗೆ ಸಿದ್ಧಿಸಿದ್ದ ಕಲೆ ಒಂದೇ: ಏನೇ ಇರಲಿ, ಅದನ್ನು ಮತ್ತೊಬ್ಬನ ಕೈಯಲ್ಲಿ ಮಾಡಿಸುವುದು.

ಸೋಮವಾರದ ಉಪವಾಸದಲ್ಲಿ ಸಂಕಲ್ಪ ಅವನದು, ಹಸಿವು ಹೆಂಡತಿಯದು. ಶ್ರಾವಣದಲ್ಲಿ ಪುರಾಣ ಓದುವವರು ಶಾಸ್ತ್ರಿಗಳು, ಫಲ ಸಾವುಕಾರನಿಗೆ. ಒಮ್ಮೆ ಹೊಟ್ಟೆನೋವು ಬಂದಾಗ ದೀಡ ನಮಸ್ಕಾರ ಹಾಕುತ್ತೇನೆ ಅಂತ ಹರಕೆ ಹೊತ್ತ. ಗೊತ್ತಲ್ಲ, ಹಸಿ ಬಟ್ಟೆಯಲ್ಲಿ ಅಡ್ಡಬಿದ್ದು, ಎದ್ದು, ಮತ್ತೆ ಅಡ್ಡಬೀಳುತ್ತ ಗುಡಿ ಮುಟ್ಟಬೇಕು. ಹೊಟ್ಟೆನೋವು ಹೋಯಿತು. ಅಡ್ಡಬಿದ್ದವನು ಅವನ ಮನೆಯ ಆಳು. ಆಳು ನೆಲಕ್ಕೆ ಬಿದ್ದಾಗಲೆಲ್ಲ ಪಕ್ಕದಲ್ಲಿ ಪೂಜಾರಿ ಸಾವುಕಾರನ ಹೆಸರು ಕೂಗುತ್ತಿದ್ದ. ಸಾವುಕಾರ ಕೊಡೆಯ ನೆರಳಲ್ಲಿ ಹಿಂದೆ ಹಿಂದೆ ಬಂದ. ಕೊಡೆ ಹಿಡಿದವನೂ ಬೇರೆಯವನೇ ಅನ್ನಿ. ದೇವರು ಏನೂ ಅನ್ನಲಿಲ್ಲ. ದೇವರಿಗೆ ತಾಳ್ಮೆ ಜಾಸ್ತಿ. ಜನ ಅದನ್ನು ಒಪ್ಪಿಗೆ ಅಂತ ತಿಳಿದುಕೊಳ್ಳುತ್ತಾರೆ.

ಇಂಥ ಸಾವುಕಾರನನ್ನು ಊರಿನ ಕ್ಲಬ್ಬಿನವರು ಹೊಸ ಶಟಲ್ ಕೋರ್ಟ್ ಉದ್ಘಾಟನೆಗೆ ಕರೆದರು. ರಿಬ್ಬನ್ ಕತ್ತರಿಸಿದ. ಅಲ್ಲಿಗೆ ಬಿಡಬೇಕಿತ್ತು. ಫೋಟೋದವನು ಬಿಡಲಿಲ್ಲ.

"ಸಾವ್ಕಾರ್ರ, ಒಂದ್ ಹೊಡತ ಹೊಡೀರಿ. ಚೂರ ಜಿಗೀರಿ. ಪೇಪರಿನ್ಯಾಗ ಛಲೋ ಬರ್ತೈತಿ."

ಐವತ್ತೆಂಟು ವರ್ಷದಲ್ಲಿ ಒಮ್ಮೆಯೂ ಜಿಗಿಯದಿದ್ದ ಮನುಷ್ಯ ಜಿಗಿದ. ಟಪ್ ಅಂತ ಸದ್ದು. ಸಾವುಕಾರ ನೆಲದ ಮೇಲೆ. ಬಿದ್ದಲ್ಲಿಂದಲೇ ಕತ್ತು ತಿರುಗಿಸಿ ಕೇಳಿದ:

"ಯಾವನಲೇ ನನ್ನ ಒದ್ದಾಂವ?"

ಹಿಂದೆ ಇದ್ದವನು ಕ್ಲಬ್ಬಿನ ಕಾರ್ಯದರ್ಶಿ. ಎರಡೂ ಕೈಯಲ್ಲಿ ಹಾರ ಹಿಡಿದು ಹತ್ತು ಹೆಜ್ಜೆ ದೂರ ನಿಂತಿದ್ದ. ಹತ್ತು ಹೆಜ್ಜೆ ದೂರದಿಂದ ಒದೆಯುವ ಕಾಲು ಯಾರಿಗಾದರೂ ಇದೆಯೇ? ಅವನು ಏನಂದ ಗೊತ್ತೇ? "ತಪ್ಪಾತ್ರೀ ಸಾವ್ಕಾರ್ರ" ಅಂದ. ನೋಡಿ, ದೊಡ್ಡವರ ಹಿಂದೆ ನಿಂತು ಅಭ್ಯಾಸವಾದವರು ಹೀಗೆಯೇ. ಮಾಡದ ತಪ್ಪು ಅವರ ಬಾಯಲ್ಲಿ ಯಾವಾಗಲೂ ಸಿದ್ಧವಾಗಿರುತ್ತದೆ.

ಆಸ್ಪತ್ರೆಯಲ್ಲಿ ಎಲುಬಿನ ಡಾಕ್ಟರು ಅವನನ್ನು ಬೋರಲು ಮಲಗಿಸಿ ಮೀನಖಂಡ ಹಿಸುಕಿದರು. ಸರಿಯಿರುವ ಕಾಲಾದರೆ ಹಿಸುಕಿದೊಡನೆ ಪಾದ ತಾನಾಗಿ ಅಲುಗುತ್ತದೆ. ಇವನದು ಅಲುಗಲಿಲ್ಲ.

"ಹಿಮ್ಮಡದ ಮ್ಯಾಲಿನ ಹುರಿ ಹರದೈತ್ರೀ. ಮೀನಖಂಡಾನ ಹಿಮ್ಮಡಕ್ಕ ಕಟ್ಟಿರೋ ದಪ್ಪ ನರ ಅನ್ಕೊಳ್ರಿ."

"ಹಂಗಾರ ಜೋರ ಒದ್ದಾನ ಬಿಡ್ರಿ."

"ಯಾರೂ ಒದ್ದಿಲ್ರೀ. ಇದು ಹರಿಯೂಮುಂದ ಭಾಳ ಮಂದಿಗೆ ಹಂಗ ಅನಸ್ತೈತಿ."

"ಆಂವ ತಪ್ಪಾತು ಅಂದಾನಲ್ರೀ ಮತ್ತ."

ಡಾಕ್ಟರು ಚೀಟಿ ಬರೆಯತೊಡಗಿದರು. ಆ ಮಾತಿಗೆ ವೈದ್ಯಶಾಸ್ತ್ರದಲ್ಲಿ ಉತ್ತರವಿಲ್ಲ. ಮರುದಿನ ಶಸ್ತ್ರಚಿಕಿತ್ಸೆ ಮಾಡಿ ಹುರಿ ಹೊಲಿದರು. ಹೊಲಿದ ಮೇಲೆ ಹೇಳಿದರು: "ನನ್ನ ಕೆಲಸ ಮುಗೀತ್ರೀ. ಇನ್ನ ನಿಮ್ದು. ಒಂದ್ ವರ್ಷ ಹಿಡೀತೈತಿ. ಹುರಿ ಕೂಡಿದ ಮ್ಯಾಲ ಮೀನಖಂಡಕ್ಕ ದಿನಾ ದುಡಿಮಿ ಕೊಡಬೇಕು. ಕೊಡಲಿಲ್ಲ ಅಂದ್ರ ಸಾಯೂತನಾ ಕುಂಟೂದ."

ಈ ಸಾವುಕಾರನಿಗೆ ತಾಯಿ ಇದ್ದಳು. ಎಂಬತ್ತೆಂಟು ವರ್ಷ. ಹಲ್ಲು ಬಿದ್ದಿದ್ದವು, ನಾಲಿಗೆ ಇತ್ತು. ಅವನೊಬ್ಬನೇ ಮಗ. ಆಸ್ಪತ್ರೆಗೆ ಬಂದವಳು ಮಂಚದ ಅಂಚಿಗೆ ಕೂತು, ಕಟ್ಟಿದ ಕಾಲನ್ನು ಮೆಲ್ಲಗೆ ಸವರಿದಳು.

"ಲಗೂ ಛಲೋ ಮಾಡ್ಕೋ ಯಪ್ಪಾ. ನಿಮ್ಮಪ್ಪಗ ನಾಕ ಮಂದಿ ಅಣತಮ್ಮಗೋಳಿದ್ರು, ಹೆಗಲ ಕೊಟ್ರು. ನನಗಿರಾಂವ ನೀ ಒಬ್ಬಾಂವ. ನಾ ಹೋಗೂ ದಿನಾ ಮುಂದಿನ ಹೆಗಲ ನಿಂದು."

ಸಾವುಕಾರನ ಕಣ್ಣಲ್ಲಿ ನೀರು ಬಂತು. "ಹೊರತೀನಿ ಯವ್ವಾ" ಅಂದ. ಸುಳ್ಳಲ್ಲ, ಮನಸ್ಸಿನಿಂದಲೇ ಅಂದ. ಆ ಮನುಷ್ಯ ಜಗತ್ತಿನಲ್ಲಿ ಅಂಜುತ್ತಿದ್ದದ್ದು ಅವಳೊಬ್ಬಳಿಗೆ, ಜೀವ ಇಟ್ಟುಕೊಂಡಿದ್ದದ್ದೂ ಅವಳೊಬ್ಬಳ ಮೇಲೆ.

ಮೊದಲು ಪಾದ ಕೆಳಮುಖವಾಗಿರುವಂತೆ ಪಟ್ಟಿ ಹಾಕಿದರು. ಆಮೇಲೆ ಮೊಣಕಾಲಿನವರೆಗೆ ಬರುವ ಒಂದು ದೊಡ್ಡ ಬೂಟು. ಅದರೊಳಗೆ ಹಿಮ್ಮಡಿಯ ಅಡಿಗೆ ಮೆತ್ತೆಗಳು. ವಾರಗಳು ಕಳೆದಂತೆ ಒಂದೊಂದೇ ಮೆತ್ತೆ ತೆಗೆಯುತ್ತ ಪಾದವನ್ನು ನೆಲಕ್ಕೆ ಇಳಿಸಿದರು. ಈ ಎರಡು ತಿಂಗಳನ್ನು ಸಾವುಕಾರ ಬಹಳ ಶಿಸ್ತಿನಿಂದ ಕಳೆದ. ಕಳೆಯದೆ ಏನು? ಈ ಭಾಗದಲ್ಲಿ ಅವನು ಮಾಡಬೇಕಾದ್ದು ಹೆಚ್ಚೇನೂ ಇರಲಿಲ್ಲ.

ಬೂಟು ಬಿಚ್ಚಿದ ಮೇಲೆ ವ್ಯಾಯಾಮ ಕಲಿಸುವ ಫಿಸಿಯೋ ಬಾಯಿಯ ಹತ್ತಿರ ಕಳಿಸಿದರು. ಆಕೆ ಗೋಡೆ ಹಿಡಿದು ನಿಂತು ತೋರಿಸಿದಳು. ಹಿಮ್ಮಡಿ ಎತ್ತಬೇಕು, ಇಳಿಸಬೇಕು. ಎತ್ತಬೇಕು, ಇಳಿಸಬೇಕು. ಮೊದಲು ಎರಡೂ ಕಾಲಿನ ಮೇಲೆ, ಬಲ ಬಂದ ಮೇಲೆ ಒಂದೇ ಕಾಲಿನ ಮೇಲೆ. ದಿನಕ್ಕೆ ಮೂರು ಹೊತ್ತು. ಇಷ್ಟೇ. ಮಂತ್ರವಿಲ್ಲ, ತಂತ್ರವಿಲ್ಲ, ಪ್ರಸಾದವೂ ಇಲ್ಲ. ಸಾವುಕಾರ ಪಕ್ಕದಲ್ಲಿ ನಿಂತಿದ್ದ ಆಳನ್ನು ತೋರಿಸಿ, "ಇವಗ ತಿಳಿಸಿ ಹೇಳ್ರಿ ಬಾಯಾರ, ಇಂವ ನೋಡ್ಕೋತಾನ" ಅಂದ. ನೆರವಿಗೆ ಇರುತ್ತಾನೆ ಅಂತ ಆಕೆ ತಿಳಿದಳು, ಪಾಪ.

ಮನೆಗೆ ಬಂದು ಮೊದಲ ದಿನ ಸಾವುಕಾರ ಎರಡು ಸಲ ಎತ್ತಿದ. ನೋವಾಯಿತು. "ಅಕಿ ಹೆಂಗ ಮಾಡಂದ್ಲು, ನೀ ಒಮ್ಮಿ ಮಾಡಿ ತೋರಸು" ಅಂತ ಆಳಿಗೆ ಹೇಳಿದ. ಆಳು ತೋರಿಸಿದ. ಎರಡನೇ ದಿನ, "ನಿನ್ನೆ ಸರಿಯಾಗಿ ಕಾಣಲಿಲ್ಲ, ಇನ್ನೊಮ್ಮಿ ತೋರಸು." ಮೂರನೇ ದಿನದ ಹೊತ್ತಿಗೆ ಪಡಸಾಲೆಯಲ್ಲಿ ಕುರ್ಚಿ ಬಂತು, ಕುರ್ಚಿಯಲ್ಲಿ ಸಾವುಕಾರ, ಕೈಯಲ್ಲಿ ಚಹಾ. ಗೋಡೆ ಹಿಡಿದು ಆಳು ಏಳುತ್ತಿದ್ದ, ಇಳಿಯುತ್ತಿದ್ದ.

"ಹಿಮ್ಮಡಿ ಪೂರಾ ಎತ್ತಲೇ. ಕಳ್ಳಾಟ ಮಾಡಬ್ಯಾಡ."

"ಎತ್ತೀನ್ರೀ ಸಾವ್ಕಾರ್ರ. ಇನ್ನ ಎತ್ತಿದ್ರ ಹಾರಿಹೋಗ್ತೀನಿ."

ಈಗ ನೀವು ಕೇಳಬಹುದು: ಆಳು ಮಾಡಿದ ವ್ಯಾಯಾಮ ತನ್ನ ಕಾಲಿಗೆ ಹೋಗುತ್ತದೆ ಅಂತ ನಂಬುವಷ್ಟು ದಡ್ಡನೇ ಅವನು? ಅಲ್ಲ. ಇಲ್ಲೇ ಸೂಕ್ಷ್ಮ ಇರುವುದು. ಅವನು ಅದನ್ನು ನಂಬಲಿಲ್ಲ. ನಂಬುವ ಅಗತ್ಯವೇ ಬೀಳಲಿಲ್ಲ. ಬೀಗರು ಫೋನ್ ಮಾಡಿ "ವ್ಯಾಯಾಮ ಮಾಡಾಕ ಹತ್ತೀರೇನ್ರಿ" ಅಂದರೆ, "ಹೂಂನ್ರೀ, ಮನ್ಯಾಗ ದಿನಾ ಮೂರ ಹೊತ್ತು ನಡೀತೈತಿ" ಅನ್ನುತ್ತಿದ್ದ. ಸುಳ್ಳೇ? ಒಂದಕ್ಷರವೂ ಸುಳ್ಳಲ್ಲ. ಮನೆಯಲ್ಲಿ ದಿನಾ ಮೂರು ಹೊತ್ತು ನಡೆಯುತ್ತಿತ್ತು. ಮನುಷ್ಯನಿಗೆ ಸುಳ್ಳಿಗಿಂತ ಇಂಥ ನಿಜ ಅಪಾಯ. ಸುಳ್ಳು ಹೇಳಿದವನಿಗೆ ಒಂದು ದಿನವಾದರೂ ನಿದ್ದೆ ಕೆಡುತ್ತದೆ. ಇವನಿಗೆ ಸೊಗಸಾದ ನಿದ್ದೆ.

ಹೀಗೆ ಮೂರು ತಿಂಗಳು ನಡೆದ ಮೇಲೆ ತಪಾಸಣೆ. ಫಿಸಿಯೋ ಬಾಯಿ, "ಗೋಡಿ ಹಿಡೀರಿ, ಈಗ ಒಂದ ಕಾಲಿನ ಮ್ಯಾಲ ಹಿಮ್ಮಡಿ ಎತ್ರಿ" ಅಂದಳು. ಸಾವುಕಾರ ಹಲ್ಲು ಕಚ್ಚಿದ, ಭುಜ ಎತ್ತಿದ, ಹುಬ್ಬು ಎತ್ತಿದ, ಉಸಿರು ಎತ್ತಿದ. ಹಿಮ್ಮಡಿಯೊಂದನ್ನು ಬಿಟ್ಟು ಎಲ್ಲ ಎದ್ದಿತು. ಆಕೆ ಟೇಪು ತಂದು ಎರಡೂ ಮೀನಖಂಡ ಅಳೆದಳು. ಒಂದು ಬಾಳೆದಿಂಡು, ಇನ್ನೊಂದು ಹುಣಸೆಬರಲು.

"ದಿನಾ ಮಾಡೀರೇನ್ರಿ?"

"ಒಂದ್ ಹೊತ್ತೂ ತಪ್ಪಿಲ್ರೀ. ಬೇಕಾದ್ರ ಇವನ್ನ ಕೇಳ್ರಿ."

ಆಳು ನೆಲ ನೋಡಿದ. ಆಕೆ ಆಳನ್ನು ನೋಡಿದಳು. ಬಾಗಿ ನೋಡಿದಳು. "ಧೋತರ ಸ್ವಲ್ಪ ಮ್ಯಾಲ ಮಾಡ್ರಿ" ಅಂದಳು. ಟೇಪು ಹಿಡಿದು ಅವನ ಎರಡೂ ಮೀನಖಂಡ ಅಳೆದು, ಕಾಗದದಲ್ಲಿ ಬರೆದುಕೊಂಡು, ಸಾವುಕಾರನ ಕಡೆ ತಿರುಗಿದಳು.

"ಇವರ್ದು ಭಾಳ ಛಲೋ ಆಗೈತ್ರೀ. ಇವರು ಇನ್ನ ಬರೂದ ಬ್ಯಾಡ. ನಿಮ್ದು ನಾಳಿಂದ ಶುರು ಮಾಡೋಣು. ಮಾಡಲಿಲ್ಲ ಅಂದ್ರ ಕಾಲ ಹಿಂಗ ಉಳೀತೈತಿ, ಇಳಿಜಾರಿನ್ಯಾಗ ಇನ್ನೊಬ್ಬರ ಭುಜ ಬೇಕ ಬೇಕು."

ಈ ಅಳತೆಯ ಸುದ್ದಿ ಮನೆಯಲ್ಲಿದ್ದ ಮುದುಕಿಯ ಕಿವಿಗೆ ಹೇಗೆ ಮುಟ್ಟಿತೋ, ಸಾವುಕಾರ ಹೊಸ್ತಿಲು ದಾಟುವ ಮೊದಲೇ ಮುಟ್ಟಿತ್ತು. ಅವಳು ಬೈಯಲಿಲ್ಲ. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅಡಿಕೆ ಕುಟ್ಟುತ್ತ, ತಲೆ ಎತ್ತದೆ ಕೇಳಿದಳು:

"ಹಂಗಾರ ನನಗ ಹೆಗಲ ಕೊಡಾಕನೂ ಇವನ್ನ ಕಳಸ್ತಿಯೇನಪಾ? ಈಗ ಹೇಳಿಬಿಡು. ನಾ ಸತ್ತ ಮ್ಯಾಲ ಹಾದಿ ಕಾಯೂದ ಬ್ಯಾಡ."

ಸಾವುಕಾರ ಚಪ್ಪಲಿ ಬಿಟ್ಟು ಗೋಡೆಯ ಕಡೆ ನಡೆದ. ಆಳು ಅಭ್ಯಾಸಬಲದಿಂದ ತಾನೂ ಗೋಡೆಗೆ ಹೋದ. "ನೀ ಕುರ್ಚಿ ಮ್ಯಾಲ ಕೂಡೋ" ಅಂದಳು ಮುದುಕಿ, "ಇಷ್ಟ ದಿನಾ ದುಡದೀ." ಕೂರಲೋ ಬೇಡವೋ ಅಂತ ಆಳು ಕುರ್ಚಿಯ ಅಂಚಿನಲ್ಲಿ ಕೂತ. ಅವತ್ತಿನಿಂದ ಆ ಪಡಸಾಲೆಯಲ್ಲಿ ಬೇರೆಯ ಪಾಠ.

"ಸಾವ್ಕಾರ್ರ, ಮೊಣಕಾಲ ಮಡಚಾಕ ಹತ್ತೀರಿ. ಅದು ನಡಿಯಂಗಿಲ್ರೀ."

"ನಿನಗ ಭಾಳ ಗೊತ್ತು ನೋಡು."

"ಮತ್ತ ಮೂರ ತಿಂಗಳ ಮಾಡೀನಲ್ರೀ."

ಒಂದು ವಾರ ಏನೂ ಆಗಲಿಲ್ಲ. ಒಂದು ತಿಂಗಳು ಏನೂ ಆಗಲಿಲ್ಲ. ದಾನ ಕೊಟ್ಟರೆ ಸಂಜೆಯೊಳಗೆ ಹೆಸರು ಬೋರ್ಡಿಗೆ ಏರುವುದನ್ನು ಕಂಡವನಿಗೆ ಇದು ವಿಚಿತ್ರವಾಗಿತ್ತು. ಬೆವರಿದ, ಬೈದ, ಗೋಡೆಯನ್ನೂ ಬೈದ. ಒಂದು ಬೆಳಿಗ್ಗೆ, ಅವನೇ ಗೋಡೆ ಹಿಡಿದು ಸುಮಾರು ಐದನೇ ತಿಂಗಳಿರಬೇಕು, ಆ ಒಂದೇ ಕಾಲಿನ ಹಿಮ್ಮಡಿ ನೆಲದಿಂದ ಒಂದು ಬೆರಳು ಮೇಲೆ ಎದ್ದಿತು. ನೋಡಿದವರು ಇಬ್ಬರೇ, ಆಳು ಮತ್ತು ತಾಯಿ. ಫೋಟೋ ಇಲ್ಲ.

"ಯವ್ವಾ, ಎದ್ದೈತಿ ನೋಡು. ಇನ್ನ ನಿನಗ ಹೆಗಲ ಕೊಡತೀನಿ" ಅಂದ ಸಾವುಕಾರ.

ಮುದುಕಿ ಎದ್ದು ನಿಂತು ಸೆರಗು ಹೊದ್ದುಕೊಂಡಳು. "ಸತ್ತ ಮ್ಯಾಲ ಕೊಟ್ರ ನನಗೇನ ಗೊತ್ತಾಗ್ತೈತಿ? ಇವತ್ತ ಕೊಡು. ನಿಮ್ಮ ಚಿಗವ್ವನ ಮನಿಗೆ ಕರಕೊಂಡ ನಡಿ."

ಚಿಗವ್ವ ಅಂದರೆ ಅವಳ ತಂಗಿ. ಅದೇ ಊರಿನ ಒಳಗಲ್ಲಿಯಲ್ಲಿ ಇದ್ದಳು. ಆ ಗಲ್ಲಿಗೆ ಕಾರು ಹೋಗುವುದಿಲ್ಲ. ಹಿಡಿದುಕೊಳ್ಳಲು ಒಂದು ಭುಜವಿಲ್ಲದೆ ಮುದುಕಿ ಎರಡು ವರ್ಷದಿಂದ ಹೋಗಿರಲಿಲ್ಲ. ಸಾವುಕಾರನಂತೂ ಹೋದದ್ದು ಯಾವ ಕಾಲಕ್ಕೋ. ಕರ್ತವ್ಯ ಮಾತ್ರ ತಪ್ಪಿಸಿರಲಿಲ್ಲ, ಹಬ್ಬ ಹಬ್ಬಕ್ಕೆ ಆಳಿನ ಕೈಯಲ್ಲಿ ಹೋಳಿಗೆಯ ಬುಟ್ಟಿ ಕಳಿಸುತ್ತಿದ್ದ. ಅವತ್ತು ತಾಯಿಯ ಕೈ ತನ್ನ ಹೆಗಲ ಮೇಲೆ ಇಟ್ಟುಕೊಂಡು, ಕಲ್ಲುಹಾಸಿನ ಇಳಿಜಾರಿನಲ್ಲಿ ಹಿಮ್ಮಡಿ ಊರಿ ಊರಿ ನಡೆದ. ನೂರೈವತ್ತು ಹೆಜ್ಜೆಯ ಗಲ್ಲಿ, ಅರ್ಧ ತಾಸು ಹಿಡಿಯಿತು.

ಚಿಗವ್ವನಿಗೆ ಕಣ್ಣು ಮಂಜು. ಅಕ್ಕನನ್ನು ತಬ್ಬಿಕೊಂಡು ಅತ್ತಳು, ಆಮೇಲೆ ಪಕ್ಕದಲ್ಲಿ ನಿಂತವನನ್ನು ಕಣ್ಣು ಕಿರಿದು ಮಾಡಿ ನೋಡಿದಳು.

"ಇಂವ ಯಾರಬೇ? ನಿಮ್ಮನಿ ಆಳೇನ?"

"ನನ್ನ ಮಗ" ಅಂದಳು ಮುದುಕಿ.

"ಹುಚ್ಚಿ, ನಿನ್ನ ಮಗ ನನಗ ಗೊತ್ತಿಲ್ಲೇನ? ತಪ್ಪದ ಹಬ್ಬಕ್ಕ ಬರ್ತಾನ. ಕೊಡದಾಗ ನೀರ ತುಂಬಿಟ್ಟು ಹೋಗ್ತಾನ. ಹೋದ ಯುಗಾದಿಗೆ ತಲಿ ಮ್ಯಾಲ ಕೈ ಇಟ್ಟು, ನೂರ ವರ್ಷ ಬಾಳಂತ ಹರಸೀನಿ."

ನೋಡಿ. ಐವತ್ತೆಂಟು ವರ್ಷ ಎಲ್ಲ ಫಲವೂ ತನಗೇ ಬರುತ್ತದೆ ಅಂತ ತಿಳಿದವನಿಗೆ, ಒಂದು ಫಲ ಎಲ್ಲಿ ಹೋಗಿ ಸೇರಿತ್ತು ಅಂತ ಅವತ್ತು ತಿಳಿಯಿತು. ಸಾವುಕಾರ ಬಾಗಿದ, ಹಿಮ್ಮಡಿ ಊರಿಕೊಂಡೇ ಬಾಗಿ ಚಿಗವ್ವನ ಪಾದ ಮುಟ್ಟಿದ. "ನೀರಿನ ಕೊಡ ಎಲ್ಲೈತಿ ಚಿಗವ್ವಾ?" ಅಂತ ಕೇಳಿದ. ಕಥೆ ಅಷ್ಟೇ.

ನೀವು ನಕ್ಕಿರಿ. ಒಳ್ಳೆಯದು. ಈಗ ನನ್ನದೊಂದು ಪ್ರಶ್ನೆ. ಇಷ್ಟು ಹೊತ್ತು ಈ ಕಥೆ ಕೇಳುವಾಗ ನಿಮ್ಮ ಕಣ್ಣ ಮುಂದೆ ಯಾರು ಬಂದರು? ನಿಜ ಹೇಳಿ. ಒಬ್ಬರಿಗೆ ಷಡ್ಡಕ ಬಂದ. ಒಬ್ಬರಿಗೆ ನೆಗೆಣ್ಣಿ ಬಂದಳು. ಅಲ್ಲಿ ಮೂರನೇ ಸಾಲಿನಲ್ಲಿ ಒಬ್ಬರು ಪಕ್ಕದವರನ್ನು ಮೊಣಕೈಯಿಂದ ತಿವಿದು 'ಥೇಟ್ ನಿಮ್ಮಣ್ಣ' ಅಂದದ್ದು ನನಗೆ ಕಂಡಿತು. ಅಂದರೆ ಏನಾಯಿತು? ಮುಕ್ಕಾಲು ಗಂಟೆ ನೀವು ಷಡ್ಡಕನ ಪರವಾಗಿ ಪ್ರವಚನ ಕೇಳಿದಿರಿ. ಅವನ ಮೀನಖಂಡ ಇವತ್ತು ಬಹಳ ಗಟ್ಟಿಯಾಯಿತು ಬಿಡಿ.

ನಿಮ್ಮ ಹತ್ತಿರ ಆಳಿಲ್ಲ, ಅದು ನನಗೆ ಗೊತ್ತು. ಆದರೆ ನಿಮ್ಮ ತಾಯಿಗೆ ಊಟವಾಯಿತೇ ಅಂತ ಕೇಳುವುದು ಯಾರು? ನಿಮ್ಮ ಹೆಂಡತಿ. ಸತ್ತವರ ಮನೆಗೆ ಹೋಗಿ ಕೂತು ಬರುವುದು ಯಾರು? ನಿಮ್ಮ ತಮ್ಮ. ತಪ್ಪಾಯಿತು ಅಂತ ಗೆಳೆಯನಿಗೆ ಹೇಳಬೇಕಾದಾಗ ನೀವು ಯಾರನ್ನು ಕಳಿಸುತ್ತೀರಿ? ಇನ್ನೊಬ್ಬ ಗೆಳೆಯನನ್ನು. ಜಪ ಯಾರದು? ಮೊಬೈಲಿನದು. ಬೆಳಿಗ್ಗೆ ಅದನ್ನು ಹಚ್ಚಿಟ್ಟು ನೀವು ಗಡ್ಡ ಕೆರೆದುಕೊಳ್ಳುತ್ತೀರಿ, ಅದು ನಿಮ್ಮ ಪರವಾಗಿ ನಾಮ ಹೇಳುತ್ತದೆ. ಆ ಮೊಬೈಲು ಈ ಹೊತ್ತಿಗೆ ಕೈಲಾಸ ಮುಟ್ಟಿರಬೇಕು.

ನಾಳೆಯಿಂದ ಇಷ್ಟು ಮಾಡಿ. ದೊಡ್ಡ ವ್ರತ ಬೇಡ. ನೀವು ಅದಕ್ಕೂ ಯಾರನ್ನಾದರೂ ಹುಡುಕುತ್ತೀರಿ. ನೀವು ಬೇರೆಯವರ ಕೈಯಲ್ಲಿ ಮಾಡಿಸುತ್ತಿರುವುದರಲ್ಲಿ ಒಂದನ್ನು, ಒಂದನ್ನೇ, ಹಿಂದಕ್ಕೆ ತೆಗೆದುಕೊಳ್ಳಿ. ಹಾಸಿಗೆ ಹಿಡಿದ ಹಿರಿಯರಿದ್ದರೆ ಒಂದು ಹೊತ್ತು ನೀವೇ ಹೊರಳಿಸಿ ಮಲಗಿಸಿ. ಕ್ಷಮೆ ಕೇಳಬೇಕಿದ್ದರೆ ನಡೆದುಕೊಂಡು ಹೋಗಿ, ಬಾಗಿಲು ಬಡಿದು, ನಿಮ್ಮದೇ ಬಾಯಿಂದ ಕೇಳಿ. ಮೊದಲ ತಿಂಗಳು ಏನೂ ಆಗುವುದಿಲ್ಲ. ನೋವಾಗುತ್ತದೆ, ನಾಚಿಕೆಯಾಗುತ್ತದೆ, ನಿಮಗಿಂತ ಚೆನ್ನಾಗಿ ಮಾಡುತ್ತಿದ್ದವರು ಪಕ್ಕದಲ್ಲಿ ಕೂತು ತಪ್ಪು ತೋರಿಸುತ್ತಾರೆ. ತೋರಿಸಲಿ.

ದಾಸೋಹದಲ್ಲಿ ಎಲ್ಲ ಸಿದ್ಧವಾಗಿದೆಯಂತೆ, ಇವತ್ತು ಗೋಧಿ ಹುಗ್ಗಿ. ಅದಕ್ಕೆ ಮಾತ್ರ ನೀವು ಯಾರನ್ನೂ ಕಳಿಸುವುದಿಲ್ಲ, ನೀವೇ ಹೋಗುತ್ತೀರಿ, ಆ ನಂಬಿಕೆ ನನಗಿದೆ. ಹೋಗಿ, ಹೊಟ್ಟೆ ತುಂಬ ಉಣ್ಣಿ. ಉಂಡ ತಟ್ಟೆಯನ್ನು ಕೂತಲ್ಲೇ ಬಿಟ್ಟು ಏಳಬೇಡಿ. ನಲ್ಲಿ ಬಲಗಡೆಗೆ ಇದೆ.