ಎರಡು ಬೆರಳು ಮೇಲಿದ್ದ ಗೆರೆ

ಸಂಘದ ಅಧ್ಯಕ್ಷರಾದ ಡೆಲ್ಮರ್ ಸ್ಲೋನ್ ಅವರೇ, ಮುಂದಿನ ಸಾಲಿನಲ್ಲಿ ಕುಳಿತಿರುವ ಶ್ರೀಮತಿ ಓಪಲ್ ಕಾಡಲ್ ಅವರೇ, ಅವರ ಮಗಳು ವೆಲ್ಮಾ, ಈ ಕಣಿವೆಯ ಕೋವಿ ಸಂಘದ ಸದಸ್ಯರೇ, ಚರ್ಚಿನಿಂದ ನೇರವಾಗಿ ಇಲ್ಲಿಗೆ ಬಂದಿರುವ ಬಂಧುಗಳೇ —

ಕುರ್ಚಿ ಬೇಡ ಡೆಲ್ಮರ್, ಆಚೆಗಿಡಿ. ನಿಂತೇ ಮಾತನಾಡುತ್ತೇನೆ. ಕುಳಿತರೆ, ಹೇಳಬೇಕಾದದ್ದನ್ನು ಹೇಳದೆಯೇ ಎದ್ದು ಹೋಗುವ ಅಭ್ಯಾಸ ನನಗಿದೆ.

ಮಂಗಳವಾರ ಬೆಳಿಗ್ಗೆ ಹಾಲಿಸ್ ಕಾಡಲ್ ನಮ್ಮನ್ನು ಅಗಲಿದರು. ಎಪ್ಪತ್ತೆಂಟು ವರ್ಷ. ಮರದ ಮಿಲ್ಲಿನಲ್ಲಿ ಗರಗಸ ಹರಿತ ಮಾಡಿ ಬದುಕಿದವರು. ಆದರೆ ಅವರ ಹೆಸರು ಹೇಳಿದರೆ ಕಣ್ಣ ಮುಂದೆ ಬರುವುದು ಗರಗಸವಲ್ಲ. ತಗಡಿನ ಪುಟ್ಟ ಡಬ್ಬಿ. ಡಬ್ಬಿಯೊಳಗೆ ಜಿಡ್ಡು ಸವರಿದ ಬಟ್ಟೆಯ ಬಿಲ್ಲೆಗಳು.

ಕೋವಿ ಮುಟ್ಟದವರೂ ಇಲ್ಲಿದ್ದೀರಿ. ನಿಮಗಾಗಿ ಎರಡು ಮಾತು. ನಮ್ಮ ಕೋವಿಗಳಿಗೆ ಬಾಯಿಯಿಂದಲೇ ಎಲ್ಲವನ್ನೂ ತುಂಬಬೇಕು. ಮೊದಲು ಮದ್ದು. ಆಮೇಲೆ ಜಿಡ್ಡು ಸವರಿದ ಬಟ್ಟೆ, ಅದರ ನಡುವೆ ಸೀಸದ ಗುಂಡು. ಎರಡನ್ನೂ ಕೋಲಿನಿಂದ — ಹೀಗೆ — ಒಂದೇ ಸಮನೆ ದೂಡಿ ಮದ್ದಿನ ಮೇಲೆ ಕೂರಿಸಬೇಕು. ಜಿಡ್ಡು ಕಡಿಮೆಯಾದರೆ ಬಟ್ಟೆ ಸುಡುತ್ತದೆ, ಗುಂಡು ಎತ್ತಲೋ ಹೋಗುತ್ತದೆ. ಗುಂಡು ಮದ್ದಿಗೆ ತಾಗದೆ ನಡುವೆ ಜಾಗ ಉಳಿದರೆ — ಅದನ್ನು ಆಮೇಲೆ ಹೇಳುತ್ತೇನೆ.

ಹಾಲಿಸ್ ಅವರ ಬಟ್ಟೆ ಹಾಸಿಗೆಯ ಪಟ್ಟೆಪಟ್ಟೆ ಬಟ್ಟೆ. ಗಂಜಿ ಹೋಗುವವರೆಗೆ ಮೂರು ಸಲ ಒಗೆದದ್ದು. ಜಿಡ್ಡಿಗೆ ಕರಗಿಸಿದ ಕೊಬ್ಬು, ಜೇನುಮೇಣ. ಆಗಸ್ಟಿನ ಪಾಕ ಬೇರೆ, ನವೆಂಬರಿನ ಪಾಕ ಬೇರೆ. ನಮ್ಮ ಪಂದ್ಯದಲ್ಲಿ ಬಹುಮಾನವೆಂದರೆ ಒಂದು ಹೋರಿಯ ಮಾಂಸ. ಮೊದಲು ಬಂದವನು ಹಿಂದಿನ ತೊಡೆಯನ್ನು ಆರಿಸಿಕೊಳ್ಳುತ್ತಾನೆ, ಕೊನೆಯವನಿಗೆ ಚರ್ಮ ಮತ್ತು ಕೊಬ್ಬು. ಹಾಲಿಸ್ ಹನ್ನೊಂದು ಸಲ ಮೊದಲು ಬಂದರು. ಹನ್ನೊಂದು ಸಲವೂ ಕೊಬ್ಬನ್ನೇ ಆರಿಸಿಕೊಂಡರು! ಓಪಲ್ ಇದೇ ಬಾಗಿಲಲ್ಲಿ ನಿಂತು, "ಗೆಲ್ಲೋದು ಇವ್ರು, ಮಾಂಸ ತಿನ್ನೋದು ಸ್ಲೋನ್ ಮನೆಯವ್ರು! ಮುಂದಿನ ವರ್ಷ ನೀವು ಸೋತು ಬನ್ನಿ, ಮಾರಾಯ್ರೇ, ನಮ್ಗೂ ಒಂದು ತೊಡೆ ಸಿಗ್ಲಿ" ಎಂದದ್ದು ನನಗಿನ್ನೂ ಕೇಳಿಸುತ್ತದೆ.

ಈಡು ನಿಂತ ಮೇಲೆ ಅವರು ಗುರಿಹಲಗೆಯ ಕಡೆ ನೋಡುತ್ತಿರಲಿಲ್ಲ. ಹತ್ತು ಹೆಜ್ಜೆ ಮುಂದೆ ಹುಲ್ಲಿನಲ್ಲಿ ಬಿದ್ದಿರುವ ಸುಟ್ಟ ಬಿಲ್ಲೆಗಳನ್ನು ಹೆಕ್ಕಿ, ಬೆಳಕಿಗೆ ಹಿಡಿದು ಓದುತ್ತಿದ್ದರು. ಒಮ್ಮೆ ಡೆಲ್ಮರ್ ಹೊಡೆದ ಬಿಲ್ಲೆಯನ್ನು ಹಾಲಿಸ್ ಎತ್ತಿ ಹಿಡಿದು, "ನಿನ್ನ ಕೋವಿ ಬಾಯಿ ಅಂಚು ಚೂಪಾಗಿದೆ ಕಣಯ್ಯಾ, ಬಟ್ಟೆ ಕತ್ತರಿಸ್ತಿದೆ. ತಾ, ಉಜ್ಜಿ ಕೊಡ್ತೀನಿ" ಎಂದರು. ಅದಕ್ಕೆ ಡೆಲ್ಮರ್, "ನಮ್ಮನೇಲಿ ಇನ್ನೊಂದು ಬಾಯಿ ಇದೆ, ಅದನ್ನೂ ಉಜ್ಜಿ ಕೊಡ್ತೀಯಾ?" ಎಂದರು. ಶ್ರೀಮತಿ ಸ್ಲೋನ್ ಹಿಂದೆಯೇ ನಿಂತಿದ್ದರು. ಆ ಮಧ್ಯಾಹ್ನ ಡೆಲ್ಮರ್‌ಗೆ ಊಟ ಸಿಕ್ಕಿತೋ ಇಲ್ಲವೋ, ನಡಾವಳಿಯಲ್ಲಿ ದಾಖಲಾಗಿಲ್ಲ.

ನಗುತ್ತಿದ್ದೀರಿ. ನಗಿ. ನಾನೂ ಹೀಗೇ ನಗಿಸುತ್ತ ಮುಗಿಸಿಬಿಡಬೇಕೆಂದು ಈ ಭಾಷಣವನ್ನು ಮೂರು ಸಲ ಬರೆದೆ. ಮೂರನ್ನೂ ಹರಿದೆ. — ಈ ಕಾಗದ ನಾಲ್ಕನೆಯದು; ಇದೂ ಬೇಡ. ಇಲ್ಲಿಡುತ್ತೇನೆ.

ಈ ಕೈಯನ್ನು ನೋಡಿ. ಎಡಗೈ. ಈ ಎರಡು ಬೆರಳು ಮಡಚುವುದಿಲ್ಲ. ಏಕೆಂದು ನಿಮಗೆಲ್ಲ ಗೊತ್ತು — ಗೊತ್ತೆಂದು ನೀವು ತಿಳಿದಿದ್ದೀರಿ. ಏಳು ವರ್ಷದ ಹಿಂದೆ, ನವೆಂಬರ್ ಪಂದ್ಯದ ದಿನ, ನನ್ನ ಕೋವಿಯ ನಳಿಗೆ ನಡುವಿನಲ್ಲಿ ಸಿಡಿಯಿತು. ಮರುದಿನ ಇದೇ ಕೋಣೆಯಲ್ಲಿ ಸಭೆ ಸೇರಿತು. ಕಾರ್ಯದರ್ಶಿಯಾಗಿ ನಾನು, ಎಡಗೈಗೆ ಪಟ್ಟಿ ಕಟ್ಟಿಕೊಂಡು, ಬಲಗೈಯಲ್ಲಿ ನಡಾವಳಿ ಬರೆದೆ. ಅದೇ ಪುಸ್ತಕ ಇದು.

ಏನೆಂದಿರಿ, ಓಪಲ್? — ಜೋರಾಗಿ ಓದಬೇಕಂತೆ. ಓದುತ್ತೇನೆ.

"ಶ್ರೀ ಕಾಡಲ್ ಅವರು ತಯಾರಿಸಿದ ಜಿಡ್ಡು ಚಳಿಗೆ ಗಟ್ಟಿಯಾಗಿ, ಗುಂಡು ನಳಿಗೆಯ ನಡುವೆಯೇ ಸಿಕ್ಕಿಕೊಂಡದ್ದು ಅಪಘಾತಕ್ಕೆ ಕಾರಣ. ಇನ್ನು ಮುಂದೆ ಕಾಡಲ್ ಮನೆತನದ ಜಿಡ್ಡನ್ನು ಈ ಸಂಘದ ಗುಂಡು ಹೊಡೆಯುವ ಸಾಲಿನಲ್ಲಿ ಬಳಸತಕ್ಕದ್ದಲ್ಲ. ಸಹಿ, ಎಮರಿ ಟ್ಯಾಕೆಟ್, ಕಾರ್ಯದರ್ಶಿ."

ವಾಕ್ಯರಚನೆ ಶುದ್ಧವಾಗಿದೆ. ಕಾಗುಣಿತ ಶುದ್ಧವಾಗಿದೆ. ಸಂಗತಿ ಸುಳ್ಳು.

ಗಲಾಟೆ ಬೇಡ. ದಯವಿಟ್ಟು — ಮುಗಿಸಲು ಬಿಡಿ. ಒಮ್ಮೆ ನಿಲ್ಲಿಸಿದರೆ ಮತ್ತೆ ಶುರುಮಾಡಲಾರೆ.

ನಮ್ಮಲ್ಲಿ ಪ್ರತಿಯೊಬ್ಬರ ಕೋಲಿನ ಮೇಲೂ ಒಂದು ಗೆರೆ ಇದೆ. ಹಾಲಿಸ್ ಕೊರೆದು ಕೊಟ್ಟದ್ದು. ಗುಂಡು ಮದ್ದಿನ ಮೇಲೆ ಸರಿಯಾಗಿ ಕುಳಿತಾಗ ಗೆರೆ ನಳಿಗೆಯ ಬಾಯಿಗೆ ಸಮ ಬರುತ್ತದೆ. ಗೆರೆ ಮೇಲಿದ್ದರೆ ಒಳಗೆ ಜಾಗ ಉಳಿದಿದೆ ಎಂದರ್ಥ; ಹೊಡೆದರೆ ನಳಿಗೆ ಸಿಡಿಯುತ್ತದೆ. ಅದಕ್ಕೇ ಅವರದೊಂದು ನಿಯಮ — ತುಂಬುವಾಗ ಮಾತಾಡಬಾರದು. ಆ ದಿನ ನಾನು ತುಂಬುತ್ತ ಮಾತಾಡುತ್ತಿದ್ದೆ. ಡೆಲ್ಮರ್ ಬರೆದ ಅಂಕಪಟ್ಟಿಯಲ್ಲಿ ತಪ್ಪು ತೋರಿಸುತ್ತಿದ್ದೆ! ಕೋಲು ಹೊರಗೆಳೆಯುವಾಗ ಗೆರೆ ಕಂಡಿತು. ಎರಡು ಬೆರಳು ಮೇಲಿತ್ತು. ಕಂಡಿತು, ಆದರೂ ಹೊಡೆದೆ. ನಾಲ್ಕು ಜನರ ಮುಂದೆ ಮತ್ತೆ ಕೋಲು ಇಳಿಸಲು ನಾಚಿಕೆಯಾಯಿತು. ಅಷ್ಟೇ ಕಾರಣ. ಬೇರೆ ಕಾರಣವಿಲ್ಲ.

"ಚಳಿಗೆ ಗಟ್ಟಿಯಾಗ್ಬಾರ್ದು ಅಂತ್ಲೇ ನವೆಂಬರ್ ಪಾಕಕ್ಕೆ ಮೇಣ ಕಡಿಮೆ ಹಾಕಿದ್ದೆ" ಎಂದು ಹಾಲಿಸ್ ಆ ಸಭೆಯಲ್ಲಿ ಒಂದೇ ಮಾತು ಹೇಳಿದರು. ಯಾರೂ ಕಿವಿಗೊಡಲಿಲ್ಲ; ಎಲ್ಲರ ಕಣ್ಣೂ ನನ್ನ ಕೈಯ ಪಟ್ಟಿಯ ಮೇಲಿತ್ತು. ಅವರು ತಮ್ಮ ಡಬ್ಬಿಗಳನ್ನು ಎತ್ತಿಕೊಂಡು ಹೋದರು. ಮತ್ತೆ ಈ ಬಾಗಿಲು ದಾಟಲಿಲ್ಲ. ಹೋದ ವಸಂತದಲ್ಲಿ ವೆಲ್ಮಾ ಅಪ್ಪನ ಡಬ್ಬಿ ಹಿಡಿದು ಸಾಲಿಗೆ ಬಂದಳು. ಅವಳಿಗೆ ಓದು ಕಲಿಸಿದವನು ನಾನು. ಅದೇ ನಾನು ಗೋಡೆಗೆ ಅಂಟಿಸಿದ್ದ ಆ ನಿಷೇಧದ ಹಾಳೆ ತೋರಿಸಿ, "ಓದಮ್ಮಾ" ಎಂದೆ. ಅವಳು ಓದಿದಳು. ಹೊರಟುಹೋದಳು.

ಕಳೆದ ತಿಂಗಳು, ಅವರಿಗೆ ಉಸಿರಾಟ ಕಷ್ಟವಾಗಿದೆಯೆಂದು ತಿಳಿದು, ಅವರ ಮನೆಗೆ ಹೋದೆ. ಜಗಲಿಯಲ್ಲಿ ಕಂಬಳಿ ಹೊದ್ದು ಕುಳಿತಿದ್ದರು. ನಾನು ಹವಾಮಾನದ ಮಾತಾಡಿದೆ. ಜೋಳದ ರೊಟ್ಟಿ ತಿಂದೆ. ಮತ್ತೆ ಹವಾಮಾನದ ಮಾತಾಡಿದೆ. ಕೊನೆಗೆ ಅವರೇ ಅಂದರು:

"ಎರಡು ಬೆರಳು ಮೇಲಿತ್ತು, ಮೇಷ್ಟ್ರೇ."

"ನೀವು ನೋಡಿದ್ರಾ?"

"ನಿಮ್ಮ ಪಕ್ಕದಲ್ಲೇ ಇದ್ನಲ್ಲ. ಕೂಗೋಷ್ಟ್ರಲ್ಲಿ ಹೊಡೆದುಬಿಟ್ರಿ."

"ಮತ್ತೆ ಸಭೇಲಿ ಯಾಕೆ ಹೇಳ್ಲಿಲ್ಲ?"

"ನೀವೇ ಹೇಳ್ತೀರಿ ಅಂತ ಕಾಯ್ದೆ. ಈ ತಿಂಗಳು ಹೇಳ್ತಾರೆ, ಮುಂದಿನ ತಿಂಗಳು ಹೇಳ್ತಾರೆ ಅಂತ." ಆಮೇಲೆ ಕೆಮ್ಮಿ, ನಕ್ಕರು. "ನಿಧಾನಕ್ಕೆ ತುಂಬೋರು ಬೇಕಾದಷ್ಟು ಜನ ಇದಾರೆ, ಮೇಷ್ಟ್ರೇ. ಏಳು ವರ್ಷ ತಗೊಂಡೋರು ನೀವೊಬ್ರೇ."

"ಮುಂದಿನ ಸಭೆಯಲ್ಲಿ ಖಂಡಿತ ಹೇಳ್ತೀನಿ" ಎಂದು ಮಾತು ಕೊಟ್ಟೆ. "ನಾನೂ ಬಂದು ಕೂತ್ಕೋತೀನಿ" ಎಂದರು. ತಿಂಗಳ ಮೊದಲ ಶನಿವಾರ. ಬಂಧುಗಳೇ, ಇವತ್ತು ಮೊದಲ ಶನಿವಾರ. ಎರಡನೆಯ ಸಾಲಿನಲ್ಲಿ, ಕಿಟಕಿಯ ಪಕ್ಕ, ಆ ಖಾಲಿ ಕುರ್ಚಿ ಹಾಕಿಸಿದವನು ನಾನೇ.

ನಾಲ್ಕು ದಿನ ತಡವಾಯಿತು. ನಾಲ್ಕು ದಿನ ಮತ್ತು ಏಳು ವರ್ಷ.

ಈಗ, ಎಲ್ಲರ ಸಮಕ್ಷಮದಲ್ಲಿ, ಆ ಬರಹದ ಮೇಲೆ ಅಡ್ಡಗೆರೆ ಎಳೆಯುತ್ತಿದ್ದೇನೆ. ಹೀಗೆ. ಕೆಳಗೆ ಬರೆಯುತ್ತಿದ್ದೇನೆ: "ಜಿಡ್ಡು ಸರಿಯಾಗಿತ್ತು. ತಪ್ಪು ತುಂಬಿದವನದು." ಸಹಿ. ಡೆಲ್ಮರ್, ಗೋಡೆಯ ಮೇಲಿನ ಆ ಹಾಳೆಯನ್ನು ತೆಗೆಯಿರಿ. — ಇಲ್ಲ, ಕೊಡಿ, ನಾನೇ ಹರಿಯುತ್ತೇನೆ. ಕಾರ್ಯದರ್ಶಿಯ ಬೀಗದ ಕೈಗಳು ಮೇಜಿನ ಮೇಲಿವೆ, ಯಾರಾದರೂ ತೆಗೆದುಕೊಳ್ಳಿ.

ಓಪಲ್ ಅವರೇ, ನಿಮ್ಮಿಂದ ಕ್ಷಮೆ ಕೇಳುವುದಿಲ್ಲ. ಕೇಳಿದರೆ ಈ ಸಭೆಯ ಮುಂದೆ ಇಲ್ಲವೆನ್ನಲು ನಿಮಗೆ ಕಷ್ಟವಾಗುತ್ತದೆ.

ವೆಲ್ಮಾ, ನೀನು ಬಾಮ್ಮಾ. ಅಪ್ಪನ ಕೋವಿ, ಅಪ್ಪನ ಡಬ್ಬಿ. ಬಾಗಿಲು ತೆರೆದಿದೆ, ಎದುರಿಗೇ ಸಾಲು. ಅಲ್ಲಿ ನಿಂತು ತುಂಬು. ಅವಸರ ಬೇಡ.

ಉಳಿದವರೆಲ್ಲ ದಯವಿಟ್ಟು ಎದ್ದು ನಿಲ್ಲಿ. ಟೋಪಿ ತೆಗೆಯಿರಿ. ಗಡಿಯಾರ ನೋಡಬೇಡಿ, ಈ ಮೌನಕ್ಕೆ ನಿಮಿಷದ ಲೆಕ್ಕವಿಲ್ಲ. ಮದ್ದು, ಬಟ್ಟೆ, ಗುಂಡು, ಕೋಲು — ಗೆರೆ ನಳಿಗೆಯ ಬಾಯಿಗೆ ಸಮ ಬಂದಾಗ ವೆಲ್ಮಾ ಕೈ ಎತ್ತುತ್ತಾಳೆ. ಅಲ್ಲಿಯವರೆಗೆ ಯಾರೂ ಒಂದು ಮಾತೂ ಆಡಬಾರದು. ಹಾಲಿಸ್ ಅವರ ನಿಯಮ ಆ ದಿನ ನನ್ನಿಂದ ಕೇಳಿದ್ದ ಮೌನ ಇಷ್ಟೇ ಉದ್ದದ್ದು.

ಹೂಂ, ವೆಲ್ಮಾ. ಶುರುಮಾಡು.